ಸ್ಕ್ರ್ಯಾಚ್ 3 ವಿಮರ್ಶೆ: ಓಬವ್ವನ ಕಿಂಡಿಯ ಆಟ ಕಟ್ಟಿದರೆ ತಿಳಿಯುವುದೇನು?

ದಾವಣಗೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ, ಮಗುವನ್ನು ಕೋಡಿಂಗ್ ಕ್ಲಾಸಿಗೆ ಸೇರಿಸುವ ಮೊದಲು ಮನೆಯ ಕಂಪ್ಯೂಟರಿನಲ್ಲಿ ಮಕ್ಕಳ ಪ್ರೋಗ್ರಾಮಿಂಗ್ ಭಾಷೆಯಾದ ಸ್ಕ್ರ್ಯಾಚ್ ತೆರೆದು ಕೊಡಿ. ಒಂದು ಪೈಸೆ ಖರ್ಚಿಲ್ಲ. ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನಲ್ಲಿ ಮಿಚೆಲ್ ರೆಸ್ನಿಕ್ ಅವರ ತಂಡ ಇದನ್ನು ರೂಪಿಸಿ 2007ರಲ್ಲಿ ಸಾರ್ವಜನಿಕರ ಕೈಗಿತ್ತಿತು. ಈಗ ಬಳಕೆಯಲ್ಲಿರುವ ಮೂರನೇ ಆವೃತ್ತಿ ಬಂದದ್ದು 2019ರ ಜನವರಿಯಲ್ಲಿ. 8ರಿಂದ 16 ವರ್ಷದವರನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಅದಕ್ಕಿಂತ ಚಿಕ್ಕವರಿಗೆ ಸ್ಕ್ರ್ಯಾಚ್ ಜೂನಿಯರ್ ಬೇರೆಯೇ ಇದೆ.

ಬಣ್ಣದ ಬ್ಲಾಕ್‌ಗಳನ್ನು ಎಳೆದು ಒಂದರ ಕೆಳಗೊಂದು ಕೂಡಿಸಿದರೆ ಪ್ರೋಗ್ರಾಂ ಆಯಿತು. ಸಂಖ್ಯೆ ಕೊಡುವ ದುಂಡನೆಯ ಬ್ಲಾಕನ್ನು ‘ಇಫ್’ (ಹೀಗಿದ್ದರೆ) ಬ್ಲಾಕಿನ ಆರು ಮೂಲೆಯ ಗೂಡಿಗೆ ತುರುಕಲು ಹೋದರೆ ಅದು ಕೂರುವುದೇ ಇಲ್ಲ. ಹಾಗಾಗಿ ಆವರಣ ಮುಚ್ಚಲಿಲ್ಲ, ಕಾಗುಣಿತ ತಪ್ಪಿತು ಎಂಬ ಕಾಟ ಇಲ್ಲ. ಉಳಿಯುವುದು ಯೋಚನೆಯ ತಪ್ಪು ಮಾತ್ರ. ಸ್ಕ್ರ್ಯಾಚ್‌ನ ನಿಜವಾದ ಬೆಲೆ ಇರುವುದೇ ಇಲ್ಲಿ. ವಿಡಿಯೋ ನೋಡಿಕೊಂಡು ಬ್ಲಾಕ್‌ಗೆ ಬ್ಲಾಕ್ ನಕಲು ಮಾಡುವ ಮಗುವಿಗೆ ಆಟ ಸಿಗುತ್ತದೆ, ಈ ತಪ್ಪು ಹುಡುಕುವ ಕೆಲಸ ಸಿಗುವುದಿಲ್ಲ.

ಅದಕ್ಕೇ ನಮ್ಮ ಕಡೆಯ ಮಕ್ಕಳಿಗೆ ಗೊತ್ತಿರುವ ಒಂದು ಕತೆಯನ್ನೇ ಆಟವಾಗಿ ಕಟ್ಟಿಸಿ: ಓಬವ್ವನ ಕಿಂಡಿ. ದುರ್ಗದ ಕೋಟೆಗೆ ಹೋದಾಗ ಮೊಬೈಲನ್ನು ಅಡ್ಡ ಹಿಡಿದು ಕಿಂಡಿಯ ಫೋಟೊ ತೆಗೆದು ಬ್ಯಾಕ್‌ಡ್ರಾಪ್ (ಹಿನ್ನೆಲೆ ಚಿತ್ರ) ಆಗಿ ಹಾಕಿ. ಆಟ ನಡೆಯುವ ಸ್ಟೇಜ್ 480 ಅಗಲ, 360 ಎತ್ತರ, ಅಂದರೆ 4:3. ಫೋನಿನ ಕ್ಯಾಮೆರಾದಲ್ಲೂ ಅದೇ ಅನುಪಾತ ಇಟ್ಟುಕೊಂಡರೆ ಅಂಚು ಖಾಲಿ ಉಳಿಯುವುದಿಲ್ಲ. ಸ್ಟೇಜ್‌ನ ನಡುಮಧ್ಯ ಸೊನ್ನೆ. ಎಕ್ಸ್ -240ರಿಂದ 240ರವರೆಗೆ, ವೈ -180ರಿಂದ 180ರವರೆಗೆ. ಒಂಬತ್ತನೇ ಕ್ಲಾಸಿನ ನಿರ್ದೇಶಾಂಕ ಐದನೇ ಕ್ಲಾಸಿನವರಿಗೆ ಇಲ್ಲಿ ಆಡುತ್ತಲೇ ಕೈಗೆ ಹತ್ತುತ್ತದೆ.

ಕಿಂಡಿ ಎಕ್ಸ್ 180, ವೈ -60ರಲ್ಲಿದೆ ಎಂದುಕೊಳ್ಳಿ. ಓಬವ್ವ ಅದರ ಪಕ್ಕ 130ರಲ್ಲಿ. ಅವಳಿಗೆ ಎರಡು ಕಾಸ್ಟ್ಯೂಮ್ (ಒಂದೇ ಪಾತ್ರದ ಬೇರೆ ಬೇರೆ ಚಿತ್ರ): ಒನಕೆ ಎತ್ತಿದ್ದು, ಒನಕೆ ಇಳಿದದ್ದು. ಸೈನಿಕನ ಸ್ಪ್ರೈಟ್‌ಗೆ (ಸ್ಟೇಜ್ ಮೇಲಿನ ಪಾತ್ರಕ್ಕೆ), ಆಟ ಶುರುಮಾಡುವ ಹಸಿರು ಬಾವುಟ ಒತ್ತಿದಾಗ ‘ಹೈಡ್’ (ಮರೆಯಾಗು), ಆಮೇಲೆ ಕೊನೆಯಿಲ್ಲದೆ ಮತ್ತೆ ಮತ್ತೆ ತಿರುಗುವ ಲೂಪಾದ ‘ಫಾರೆವರ್’ ಒಳಗೆ 1ರಿಂದ 3 ಸೆಕೆಂಡು ಕಾದು ತನ್ನದೊಂದು ಕ್ಲೋನ್ (ನಕಲು) ಹುಟ್ಟಿಸುವುದು. ಕ್ಲೋನ್ ಹುಟ್ಟಿದೊಡನೆ ಕಿಂಡಿಗೆ ಹೋಗಿ ಎಡಕ್ಕೆ ನಡೆಯಬೇಕು. ಒನಕೆ ಇಳಿದಿರುವಾಗ ಓಬವ್ವನನ್ನು ಮುಟ್ಟಿದರೆ ಅಂಕ 1 ಹೆಚ್ಚಾಗಿ ಕ್ಲೋನ್ ಅಳಿಯಬೇಕು.

ಮೊದಲ ಸಲ ಬಾವುಟ ಒತ್ತಿದಾಗ ಬಹುತೇಕ ಯಾರೂ ಕಾಣುವುದಿಲ್ಲ. ಮೂಲ ಸ್ಪ್ರೈಟ್ ಮರೆಯಲ್ಲಿದ್ದಾಗ ಹುಟ್ಟಿದ ಕ್ಲೋನ್ ಕೂಡ ಮರೆಯಲ್ಲೇ ಇರುತ್ತದೆ. ಹುಟ್ಟಿದ ಕೂಡಲೇ ‘ಶೋ’ ಹಾಕಬೇಕು. ಸೈನಿಕ ಬರುತ್ತಾನೆ, ಓಬವ್ವನನ್ನು ದಾಟಿ ಹೋದರೂ ಏನೂ ಆಗುವುದಿಲ್ಲ ಎಂದರೆ ಮುಟ್ಟಿದೆಯೇ ಎಂದು ನೋಡುವ ‘ಇಫ್’ ಕ್ಲೋನಿನ ನಡಿಗೆಯ ಲೂಪಿನ ಹೊರಗೆ ಉಳಿದಿದೆ, ಒಂದೇ ಸಲ ಪರೀಕ್ಷೆ ನಡೆದು ಮುಗಿದಿದೆ.

ಒಂದು ಏಟಿಗೆ ಆರು ಅಂಕ ಬಂದರೆ ಅದು ಇನ್ನೂ ಸ್ವಾರಸ್ಯದ ತಪ್ಪು. ಲೂಪು ಸೆಕೆಂಡಿಗೆ 30 ಸಲ ತಿರುಗುತ್ತದೆ. ಒನಕೆ 0.2 ಸೆಕೆಂಡು ಕೆಳಗಿದ್ದರೆ ಅಷ್ಟರಲ್ಲಿ ಆರು ಸಲ ‘ಮುಟ್ಟಿದೆ’ ಎಂಬ ಉತ್ತರ ಬರುತ್ತದೆ. ಅಂಕ ಕೊಟ್ಟ ತಕ್ಷಣ ‘ಡಿಲೀಟ್ ದಿಸ್ ಕ್ಲೋನ್’ ಇದ್ದರೆ ಇದು ನಿಲ್ಲುತ್ತದೆ. ಡಿಲೀಟ್ ಬದಲು ಬರೀ ‘ಹೈಡ್’ ಹಾಕಿ ಸುಮ್ಮನಾದರೆ ಮತ್ತೊಂದು ತೊಂದರೆ ತಡವಾಗಿ ಬರುತ್ತದೆ: ಒಂದು ಪ್ರಾಜೆಕ್ಟಿನಲ್ಲಿ ಒಮ್ಮೆಗೆ 300 ಕ್ಲೋನ್‌ಗಳೇ ಮಿತಿ. ಸರಾಸರಿ ಎರಡು ಸೆಕೆಂಡಿಗೆ ಒಬ್ಬ ಬಂದರೆ ಹತ್ತು ನಿಮಿಷಕ್ಕೆ ಮಿತಿ ಮುಟ್ಟುತ್ತದೆ, ಆಮೇಲೆ ಕಿಂಡಿಯಿಂದ ಒಬ್ಬನೂ ಬರುವುದಿಲ್ಲ. ಸ್ಕ್ರ್ಯಾಚ್ ಇದಕ್ಕೆ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ, ಇದು ಅದರ ದೊಡ್ಡ ಕೊರತೆ. ತಪ್ಪಿಸಿಕೊಂಡು ಎಡತುದಿ ಸೇರಿದವರನ್ನೂ ಎಕ್ಸ್ -230ಕ್ಕಿಂತ ಕಡಿಮೆಯಾದಾಗ ಅಳಿಸಬೇಕು.

ಒನಕೆ ಇಳಿಸಲು ಸ್ಪೇಸ್ ಕೀ ಇಟ್ಟಾಗ ಅದನ್ನು ಒತ್ತಿ ಹಿಡಿದೇ ಇದ್ದರೆ ಒನಕೆ ಮತ್ತೆ ಮತ್ತೆ ಇಳಿದು ಆಟ ಸಪ್ಪೆಯಾಗುತ್ತದೆ. ಸ್ಪೇಸ್ ಒತ್ತಿದಾಗ ಎರಡನೇ ಕಾಸ್ಟ್ಯೂಮ್, 0.2 ಸೆಕೆಂಡು ಕಾಯುವಿಕೆ, ಮೊದಲನೇ ಕಾಸ್ಟ್ಯೂಮ್, ಕೊನೆಗೆ ಸ್ಪೇಸ್ ಬಿಡುವ ತನಕ ‘ವೇಟ್ ಅಂಟಿಲ್’. ಇಷ್ಟಿದ್ದರೆ ಪ್ರತಿ ಏಟಿಗೂ ಕೀ ಬಿಟ್ಟು ಒತ್ತಲೇಬೇಕು.

ಸೈನಿಕರ ವೇಗ ಬೇರೆ ಬೇರೆ ಇರಲಿ ಎಂದು ‘ವೇಗ’ ಎಂಬ ವೇರಿಯಬಲ್‌ಗೆ (ಬದಲಾಗುವ ಸಂಖ್ಯೆ ಇಡುವ ಡಬ್ಬಿಗೆ) -4ರಿಂದ -2ರೊಳಗಿನ ಸಂಖ್ಯೆ ಕೊಡುತ್ತೀರಿ. ವೇರಿಯಬಲ್ ಮಾಡುವಾಗ ‘ಫಾರ್ ದಿಸ್ ಸ್ಪ್ರೈಟ್ ಓನ್ಲಿ’ ಆರಿಸದಿದ್ದರೆ ಹೊಸಬ ಬಂದಾಗಲೆಲ್ಲ ಸ್ಟೇಜ್ ಮೇಲಿರುವ ಎಲ್ಲರ ನಡಿಗೆಯೂ ಒಟ್ಟಿಗೆ ಬದಲಾಗುತ್ತದೆ. ವೇರಿಯಬಲ್ ಯಾರದ್ದು ಎಂಬ ಪಾಠವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಉದಾಹರಣೆ ಸಿಗುವುದು ಕಷ್ಟ. ‘ಅಂಕ’ದ ಕತೆ ಬೇರೆ, ಅದು ಎಲ್ಲರಿಗೂ ಒಂದೇ ಇರಬೇಕು. ಬಾವುಟ ಒತ್ತಿದಾಗ ಅದನ್ನು ‘ಸೆಟ್’ ಬ್ಲಾಕಿನಿಂದ 0 ಮಾಡಿ. ‘ಚೇಂಜ್ ಬೈ 0’ ಹಾಕಿದರೆ ಏನೂ ಬದಲಾಗದು, ಹಳೆಯ ಅಂಕವೇ ಮುಂದುವರಿಯುತ್ತದೆ.

ವೇರಿಯಬಲ್‌ಗಳ ಹೆಸರನ್ನೂ ‘ಸೇ’ ಬ್ಲಾಕಿನ ಮಾತನ್ನೂ ಕನ್ನಡದಲ್ಲೇ ಬರೆಯಬಹುದು. ಆದರೆ ಯೂನಿಕೋಡ್‌ನಲ್ಲಿ ಬರೆಯಬೇಕು. ‘ನುಡಿ’ ತಂತ್ರಾಂಶದಲ್ಲಿ ಹಳೆಯ ಫಾಂಟಿನ ವಿಧಾನದಲ್ಲಿ ಟೈಪ್ ಮಾಡಿ ತಂದು ಅಂಟಿಸಿದರೆ ಅರ್ಥವಿಲ್ಲದ ಅಕ್ಷರಗಳು ಬರುತ್ತವೆ.

ದೊಡ್ಡ ಮಕ್ಕಳಿಗೆ ಇದು ಎಲ್ಲಿ ಸಾಲದು? ‘ಮೈ ಬ್ಲಾಕ್ಸ್’ನಲ್ಲಿ ನಾವೇ ಮಾಡಿದ ಬ್ಲಾಕ್ ಲೆಕ್ಕ ಮಾಡಿ ಉತ್ತರ ಹಿಂತಿರುಗಿಸುವುದಿಲ್ಲ, ಪಟ್ಟಿಯೊಳಗೆ ಪಟ್ಟಿ ಇಡಲು ಬರುವುದಿಲ್ಲ. ಅಲ್ಲಿಗೆ ಬಂದ ಮಗು ಪೈಥಾನ್ ಭಾಷೆಗಾಗಲಿ, ಬ್ಲಾಕ್‌ಗಳಲ್ಲೇ ಬರೆಯುವ ಬರ್ಕ್ಲಿ ವಿಶ್ವವಿದ್ಯಾಲಯದ ಸ್ನ್ಯಾಪ್‌ಗಾಗಲಿ ಹೊರಡಲಿ.

ಶಾಲೆಯ ಲ್ಯಾಬ್‌ನವರಿಗೆ ಕೆಲವು ಮಾತು. ನೆಟ್ ಇಲ್ಲದೆಯೂ ನಡೆಯುವ ಆಪ್‌ಗೆ ವಿಂಡೋಸ್ 10 ಅಥವಾ ಅದರ ಮುಂದಿನದು ಬೇಕು, ವಿಂಡೋಸ್ 7ರ ಹಳೆಯ ಯಂತ್ರಗಳಲ್ಲಿ ಆಗುವುದಿಲ್ಲ. ಟ್ಯಾಬ್‌ನಲ್ಲಿ ಕೆಲಸ ಮಾಡಬಹುದಾದರೂ ಕೀಬೋರ್ಡ್ ಇಲ್ಲದೆ ಕೀ ಒತ್ತುವ ಬ್ಲಾಕ್‌ಗಳಿಂದ ಪ್ರಯೋಜನವಿಲ್ಲ, ಓಬವ್ವನ ಒನಕೆಗೆ ‘ವೆನ್ ದಿಸ್ ಸ್ಪ್ರೈಟ್ ಕ್ಲಿಕ್ಡ್’ ಬಳಸಿ. ಈ ಆಪ್ ತಾನಾಗಿ ಸೇವ್ ಮಾಡುವುದಿಲ್ಲ. ಕರೆಂಟ್ ಹೋದರೆ ಕೆಲಸವೂ ಹೋಯಿತು. ಫೈಲ್ ಮೆನುವಿನಿಂದ ಎಸ್‌ಬಿ3 ಎಂಬ ಸ್ಕ್ರ್ಯಾಚ್ ಕಡತವಾಗಿ ಉಳಿಸಿ, ಪ್ರತಿ ಸಲ ಹೊಸ ಹೆಸರಿನಲ್ಲಿ: ಕಿಂಡಿ1, ಕಿಂಡಿ2. ಹಾಗಿದ್ದರೆ ಕೆಟ್ಟುಹೋದ ಆಟದಿಂದ ನಡೆಯುತ್ತಿದ್ದ ಆಟಕ್ಕೆ ಹಿಂದಿರುಗಿ, ನಡುವೆ ಏನು ಬದಲಾಯಿತು ಎಂದು ಎರಡನ್ನೂ ತೆರೆದು ಹೋಲಿಸಬಹುದು.