ಕಡಮತ್ ದ್ವೀಪದಲ್ಲಿ ನಾಲ್ಕು ದಿನ: ನಾವು ಉಳಿದುಕೊಂಡ ಮನೆಯ ಬಗ್ಗೆ

ಲಕ್ಷದ್ವೀಪದ ಕಡಮತ್‌ಗೆ ಹೊರಟಾಗ ಮನೆಯವರೆಲ್ಲ ಕೇಳಿದ್ದು ಒಂದೇ ಮಾತು, ಅಷ್ಟು ಸಣ್ಣ ಜಾಗದಲ್ಲಿ ನಾಲ್ಕು ದಿನ ಏನು ಮಾಡ್ತೀರಿ ಅಂತ. ದ್ವೀಪ ನಿಜಕ್ಕೂ ಸಣ್ಣದೇ. ಉದ್ದ 9 ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ, ಅಗಲ ಎಲ್ಲೂ 600 ಮೀಟರ್ ದಾಟುವುದಿಲ್ಲ. ನಮಗೆ ಮಾತ್ರ ನಾಲ್ಕು ದಿನ ಸಾಲಲಿಲ್ಲ. ಅದಕ್ಕೆ ಕಾರಣ ಸಮುದ್ರಕ್ಕಿಂತ ಹೆಚ್ಚಾಗಿ ನಾವು ಉಳಿದುಕೊಂಡಿದ್ದ ಮನೆ.

ರೆಸಾರ್ಟ್ ಬೇಡ ಅಂತ ಒಂದು ಕುಟುಂಬ ನಡೆಸುವ ಹೋಂಸ್ಟೇ ಹಿಡಿದಿದ್ದೆವು. ಎರಡು ಕೋಣೆ, ಸುತ್ತ ತೆಂಗಿನಮರ, ಪಶ್ಚಿಮದ ಲಗೂನಿಗೆ, ಅಂದರೆ ಹವಳದ ದಿಬ್ಬದೊಳಗಿನ ಆಳವಿಲ್ಲದ ನೀರಿಗೆ, ಐದು ನಿಮಿಷದ ನಡಿಗೆ. ಕೋಣೆ ಸಾದಾ, ಆದರೆ ಚೊಕ್ಕ. ಊಟಕ್ಕೆ ಮಾತ್ರ ಎಷ್ಟು ಹೊಗಳಿದರೂ ಕಡಿಮೆಯೇ. ಮೊದಲ ಬೆಳಿಗ್ಗೆ ಕಿಲಾಂಜಿ ಕೊಟ್ಟರು. ಅಕ್ಕಿ ಹಿಟ್ಟಿಗೆ ಮೊಟ್ಟೆ ಸೇರಿಸಿ ಕಾಗದದಷ್ಟು ತೆಳ್ಳಗೆ ಹುಯ್ಯುವ ದೋಸೆ. ಅದಕ್ಕೆ ಬೆಲ್ಲ, ಬಾಳೆಹಣ್ಣು ಹಾಕಿದ ಕಾಯಿಹಾಲು. ನೀರುದೋಸೆಗೆ ರಸಾಯನ ಹಾಕಿಕೊಂಡು ಬೆಳೆದ ನಮಗೆ ಬಾಯಿಗಿಟ್ಟ ಕೂಡಲೇ ಇದು ನಮ್ಮದೇ ತಿಂಡಿ ಅನ್ನಿಸಿತು. ಮಧ್ಯಾಹ್ನ ಟ್ಯೂನಾ ಸಾರು, ಬದಿಗೆ ಮಾಸ್ ಚಟ್ನಿ. ಟ್ಯೂನಾವನ್ನು ಬೇಯಿಸಿ, ಹೊಗೆ ಹಾಕಿ, ಬಿಸಿಲಲ್ಲಿ ಕಲ್ಲಿನಂತೆ ಒಣಗಿಸುತ್ತಾರೆ, ಅದೇ ಮಾಸ್. ಅದನ್ನು ಕುಟ್ಟಿ ತೆಂಗಿನಕಾಯಿ ಜೊತೆ ಕಲಸಿದರೆ ಒಂದು ತುತ್ತು ಅನ್ನ ಜಾಸ್ತಿಯೇ ಇಳಿಯುತ್ತದೆ.

ಮನೆಯ ಅಮ್ಮನ ಭಾಷೆ ಜಸೆರಿ, ಅಂದರೆ ದ್ವೀಪದವರ ಮಲಯಾಳಂ. ನನ್ನ ಹೆಂಡತಿ ಕಾಸರಗೋಡಿನವಳು, ಮಲಯಾಳಂ ಚೆನ್ನಾಗಿ ಬರುತ್ತದೆ, ಆದರೂ ಅವರು ವೇಗವಾಗಿ ಮಾತಾಡಿದರೆ ಅರ್ಧ ತಪ್ಪಿಹೋಗುತ್ತಿತ್ತು. ಇಲ್ಲಿ ಮನೆತನ ತಾಯಿಯ ಕಡೆಯಿಂದ ಸಾಗುತ್ತದೆ, ನಮ್ಮ ತುಳುನಾಡಿನ ಅಳಿಯ ಸಂತಾನದ ಹಾಗೆ. ಅದನ್ನು ಹೇಳಿದ್ದೇ ತಡ, ಅಮ್ಮ ಪಾತ್ರೆ ಬದಿಗಿಟ್ಟು ಕೂತು ನಮ್ಮ ಕಡೆಯ ಮನೆತನಗಳ ಬಗ್ಗೆ ಕೇಳತೊಡಗಿದರು.

ಆಮೇಲೆ ಅಜ್ಜ. ನಾವು ಮಂಗಳೂರಿನವರು ಅಂದ ಕೂಡಲೇ ಅವರ ಮುಖ ಅರಳಿತು. ಹುಡುಗನಾಗಿದ್ದಾಗ ಓಡಂ ಅನ್ನುವ ಹಾಯಿದೋಣಿಯಲ್ಲಿ ಹುರಿಹಗ್ಗ, ಕೊಬ್ಬರಿ ತುಂಬಿಕೊಂಡು ಮಂಗಳೂರು ಬಂದರಕ್ಕೆ ಬಂದು, ಅಕ್ಕಿ ಕೊಂಡು ವಾಪಸ್ ಹೋಗುತ್ತಿದ್ದರಂತೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಈ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅದಕ್ಕೂ ಹಿಂದೆ, 1780ರ ದಶಕದಲ್ಲಿ, ಟಿಪ್ಪುವಿನ ಕೈಗೆ ಬಂದಿದ್ದವು. ಇದನ್ನು ಶಾಲೆಯಲ್ಲಿ ನಮಗೆ ಯಾರೂ ಹೇಳಿರಲಿಲ್ಲ, ಅಲ್ವಾ? ಅಜ್ಜನ ಜೊತೆ ಕೂತ ಆ ಸಂಜೆಗೇ ಕೊಟ್ಟ ದುಡ್ಡು ಸಂದಿತು.

ಬೇಸರವಾದದ್ದನ್ನೂ ಹೇಳಬೇಕು. ಬುಕಿಂಗ್ ಮಾಡಿಕೊಟ್ಟ ಏಜೆಂಟ್, ದೋಣಿ ಮತ್ತು ಸ್ನಾರ್ಕೆಲಿಂಗ್ ಎಲ್ಲ ಸೇರಿದೆ ಅಂದಿದ್ದ. ಅಲ್ಲಿ ಹೋದ ಮೇಲೆ ತಲೆಗೆ 1,500 ರೂಪಾಯಿ ಬೇರೆ ಕೊಡಬೇಕಾಯಿತು. ಮನೆಯವರಿಗೆ ಈ ವಿಷಯವೇ ಗೊತ್ತಿರಲಿಲ್ಲ, ಪಾಪ, ಅವರೇ ಮುಜುಗರಪಟ್ಟರು. ಆದ್ದರಿಂದ ಏನೇನು ಸೇರಿದೆ ಅಂತ ಬರಹದಲ್ಲಿ ತೆಗೆದುಕೊಳ್ಳಿ, ಆಗುವುದಾದರೆ ಮನೆಯವರ ಜೊತೆಗೇ ಫೋನಿನಲ್ಲಿ ಮಾತಾಡಿ. ಸ್ನಾನದ ನೀರು ಸ್ವಲ್ಪ ಉಪ್ಪು. ಅದು ಮನೆಯವರ ತಪ್ಪಲ್ಲ. ಹವಳದ ನೆಲದೊಳಗೆ ಮಳೆಯ ಸಿಹಿನೀರು ಸಮುದ್ರದ ನೀರಿನ ಮೇಲೆ ತೆಳ್ಳಗೆ ತೇಲಿಕೊಂಡಿರುತ್ತದೆ, ಬಾವಿಯಿಂದ ಜಾಸ್ತಿ ಎಳೆದರೆ ಉಪ್ಪು ಮೇಲೆ ಬರುತ್ತದೆ. ಇದು ಗೊತ್ತಾದ ಮೇಲೆ ನಾವು ಒಂದೇ ಬಕೆಟ್ಟಿನಲ್ಲಿ ಸ್ನಾನ ಮುಗಿಸುತ್ತಿದ್ದೆವು.

ಹೊರಗಿನವರಿಗೆ ಪರ್ಮಿಟ್ ಇಲ್ಲದೆ ಪ್ರವೇಶವಿಲ್ಲ, ಅದನ್ನು ಬೇಗ ಶುರುಮಾಡಿ. ಕೊಚ್ಚಿಯಿಂದ ಹಡಗಿನಲ್ಲಿ ಒಂದು ರಾತ್ರಿ ಕಳೆಯಬೇಕು. ನಾವು ಹೋದ ದಿನ ಹಡಗು ದಡದಿಂದ ದೂರದಲ್ಲೇ ನಿಂತು, ಅಲೆಯ ಮೇಲೆ ಕುಣಿಯುವ ಸಣ್ಣ ದೋಣಿಗೆ ಇಳಿಸಿದರು. ವಯಸ್ಸಾದವರಿದ್ದರೆ ಇದನ್ನು ಮೊದಲೇ ಯೋಚಿಸಿ. ಮದ್ಯ ನಿಷೇಧ. ಊರೊಳಗೆ ಓಡಾಡುವಾಗ ಮೈ ಮುಚ್ಚುವ ಬಟ್ಟೆ ಹಾಕಿ, ಮಸೀದಿ, ಹೆಂಗಸರು, ಮಕ್ಕಳ ಫೋಟೋ ತೆಗೆಯುವ ಮುಂಚೆ ಕೇಳಿ. ದುಡ್ಡು ನಗದಾಗಿಯೇ ಇರಲಿ.

ಐದಕ್ಕೆ ನಾಲ್ಕೂವರೆ ಅಂಕ ಕೊಡುತ್ತೇನೆ, ಕಡಿಮೆಯಾದ ಅರ್ಧ ಏಜೆಂಟಿನದ್ದು. ಹೊರಡುವಾಗ ಅಮ್ಮ ಎಲೆಯಲ್ಲಿ ಸುತ್ತಿದ ತೆಂಗಿನಕಾಯಿ ಬೆಲ್ಲದ ಉಂಡೆ ಕಟ್ಟಿಕೊಟ್ಟರು. ಮುಂದಿನ ಸಲ ಅಜ್ಜನಿಗೆ ಮಂಗಳೂರು ಬಂದರದ ಈಗಿನ ಫೋಟೋಗಳನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಹೋಗುತ್ತೇನೆ, ಅವರು ಕೇಳಿದ್ದಾರೆ.