ಇನೆಟ್‌ಡಿ, ಎಕ್ಸ್‌ಇನೆಟ್‌ಡಿ, ಸಿಸ್ಟಮ್‌ಡಿ: ಮನೆ ಸರ್ವರಿಗೆ ಯಾವುದು?

ತುಮಕೂರಿನ ಕ್ಯಾತ್ಸಂದ್ರದ ನಮ್ಮ ಮನೆಯಲ್ಲಿ 2 ಜಿಬಿ ರ್‍ಯಾಮಿನ ಹಳೇ ಡೆಸ್ಕ್‌ಟಾಪೊಂದು ಡೆಬಿಯನ್ (ಲಿನಕ್ಸ್‌ನ ಒಂದು ಬಗೆ) ಸರ್ವರ್ ಆಗಿ ಓಡುತ್ತಿದೆ. ಫೋಟೊ ಬ್ಯಾಕಪ್‌ಗೆ ಫೈಲ್ ನಕಲಿಸುವ ಆರ್‌ಸಿಂಕ್, ಡಿಸ್ಕ್ ಇಲ್ಲದ ಇನ್ನೊಂದು ಕಂಪ್ಯೂಟರ್ ಬೂಟ್ ಆಗಲು ಅದಕ್ಕೆ ಫೈಲ್ ಕಳಿಸುವ ಟಿಎಫ್‌ಟಿಪಿ. ಎರಡೂ ಅಪರೂಪಕ್ಕೆ ಬೇಕಾಗುವಂಥವು. ದಿನವಿಡೀ ಮೆಮೊರಿ ಹಿಡಿದು ಕೂರುವುದೇಕೆ? ಸಂಪರ್ಕ ಬಂದಾಗ ಮಾತ್ರ ಸರ್ವಿಸನ್ನು ಎಬ್ಬಿಸುವ ಇನೆಟ್‌ಡಿ, ಎಕ್ಸ್‌ಇನೆಟ್‌ಡಿ, ಸಿಸ್ಟಮ್‌ಡಿ ಮೂರನ್ನೂ ಹಾಕಿ ನೋಡಿದೆ.

ಇನೆಟ್‌ಡಿ 1986ರ 4.3 ಬಿಎಸ್‌ಡಿ ಎಂಬ ಯುನಿಕ್ಸ್‌ನ ಕಾಲದ್ದು. ಕಾನ್ಫಿಗ್ ಫೈಲಿನಲ್ಲಿ ಸರ್ವಿಸಿಗೊಂದು ಸಾಲು, ಅಷ್ಟೇ. ಟಿಎಫ್‌ಟಿಪಿಯಂಥ ಯುಡಿಪಿ (ಮೊದಲು ಸಂಪರ್ಕ ಕಟ್ಟಿಕೊಳ್ಳದೆ ಡೇಟಾ ಕಳಿಸುವ ವಿಧಾನ) ಸರ್ವಿಸಿಗೆ 'ವೇಟ್', ಅಂದರೆ ಅದು ಮುಗಿಯುವವರೆಗೆ ಇನೆಟ್‌ಡಿ ಕಾಯಲಿ ಎಂದು ಬರೆಯಬೇಕು, ಆರ್‌ಸಿಂಕ್‌ಗೆ ಕಾಯುವುದು ಬೇಡವೆಂದು 'ನೋವೇಟ್'. ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದು ಎಂಬುದಕ್ಕೆ ಟಿಸಿಪಿ ರ್‍ಯಾಪರ್ ಎಂಬ ಪ್ರೋಗ್ರಾಮ್ ಬೇರೆ ಸೇರಿಸಬೇಕು.

ಎಕ್ಸ್‌ಇನೆಟ್‌ಡಿ ಓದಲು ಎಷ್ಟು ಹಿತ! 'ಓನ್ಲಿ ಫ್ರಮ್' ಎಂದು ಮನೆಯ ನೆಟ್‌ವರ್ಕ್ ಬರೆದರೆ ಹೊರಗಿನವರಿಗೆ ಪ್ರವೇಶವಿಲ್ಲ. 'ಆಕ್ಸೆಸ್ ಟೈಮ್ಸ್'ನಲ್ಲಿ 20:00-23:00 ಎಂದು ಹಾಕಿದರೆ ಬ್ಯಾಕಪ್ ರಾತ್ರಿ ಆ ಹೊತ್ತಿನಲ್ಲಿ ಮಾತ್ರ. ಏಕಕಾಲಕ್ಕೆ ಎಷ್ಟು ಸಂಪರ್ಕ ಎಂಬ ಮಿತಿಯೂ ಅದೇ ಆವರಣದೊಳಗೆ. ಅಂದವಾದ ಕಾನ್ಫಿಗ್ ಎಂದರೆ ಇದೇ.

ಆದರೂ ಆರ್‌ಸಿಂಕನ್ನು, ಡೆಬಿಯನ್‌ನಲ್ಲಿ ಸರ್ವಿಸುಗಳನ್ನೆಲ್ಲ ನಡೆಸುವ ಸಿಸ್ಟಮ್‌ಡಿಗೆ ಒಪ್ಪಿಸಿದೆ. ಬರವಣಿಗೆ ಅದರಲ್ಲಿ ಜಾಸ್ತಿ: ಸಂಪರ್ಕಕ್ಕೆ ಕಾಯುವ ಸಾಕೆಟ್ ಫೈಲ್ ಒಂದು, ಸರ್ವಿಸ್ ಫೈಲ್ ಇನ್ನೊಂದು, ಸಾಕೆಟ್‌ನಲ್ಲಿ 'ಆಕ್ಸೆಪ್ಟ್' (ಪ್ರತಿ ಸಂಪರ್ಕಕ್ಕೂ ಸರ್ವಿಸಿನ ಬೇರೆ ಪ್ರತಿ) 'ಯೆಸ್' ಎಂದಿದ್ದರೆ ಸರ್ವಿಸಿನ ಹೆಸರಲ್ಲಿ @ ಇರಲೇಬೇಕು. ಹೊತ್ತು ನಿಗದಿ ಮಾಡಲು ಸಾಕೆಟ್ ತೆರೆಯಲೊಂದು, ಮುಚ್ಚಲೊಂದು ಟೈಮರ್. ಎಕ್ಸ್‌ಇನೆಟ್‌ಡಿಯ ಒಂದು ಸಾಲಿನ ಕೆಲಸಕ್ಕೆ ಇಷ್ಟು ರಗಳೆ.

ನಮ್ಮ ಕಡೆ ಕರೆಂಟ್ ಹೋಗಿ ಬರುವುದು ಮಾಮೂಲು. ಯಂತ್ರ ತಾನಾಗಿ ಎದ್ದರೂ ಯುಎಸ್‌ಬಿ ಬ್ಯಾಕಪ್ ಡಿಸ್ಕ್ ಒಮ್ಮೊಮ್ಮೆ ತಡವಾಗಿ ಮೌಂಟ್ ಆಗುತ್ತದೆ, ಅಂದರೆ ತನ್ನ ಫೋಲ್ಡರಿಗೆ ತಡವಾಗಿ ಜೋಡಣೆಯಾಗುತ್ತದೆ. ಇನೆಟ್‌ಡಿ, ಎಕ್ಸ್‌ಇನೆಟ್‌ಡಿ ಎರಡಕ್ಕೂ ಅದರ ಪರಿವೆ ಇಲ್ಲ. ಸಂಪರ್ಕ ಬಂತೋ, ಆರ್‌ಸಿಂಕ್ ಶುರು. ಫೋಟೊಗಳೆಲ್ಲ ಖಾಲಿ ಫೋಲ್ಡರಿಗೆ, ಅಂದರೆ ಸಿಸ್ಟಮ್ ಡಿಸ್ಕಿಗೇ, ಹೋಗಿ ತುಂಬಿಕೊಳ್ಳುತ್ತವೆ. ಸಿಸ್ಟಮ್‌ಡಿಯಲ್ಲಿ 'ರಿಕ್ವೈರ್ಸ್ ಮೌಂಟ್ಸ್ ಫಾರ್' ಎಂದು ಡಿಸ್ಕಿನ ದಾರಿ ಬರೆದರೆ ಮೌಂಟ್ ಆಗದೆ ಸರ್ವಿಸ್ ಏಳುವುದೇ ಇಲ್ಲ. ಏಕೆ ಏಳಲಿಲ್ಲ ಎಂಬುದು ಅದರ ಜರ್ನಲ್‌ನಲ್ಲಿ (ಲಾಗ್) ಸಿಗುತ್ತದೆ.

ಟಿಎಫ್‌ಟಿಪಿಗೆ ಈ ತಾಪತ್ರಯವಿಲ್ಲ, ಮೂರರಲ್ಲಿ ಯಾವುದಾದರೂ ನಡೆಯುತ್ತದೆ. ಸಿಸ್ಟಮ್‌ಡಿ ಹೇಗೂ ಓಡುತ್ತಿರುವಾಗ ಮತ್ತೊಂದೇಕೆಂದು ಅದನ್ನೂ ಅಲ್ಲಿಗೇ ಸೇರಿಸಿದೆ. ಸಿಸ್ಟಮ್‌ಡಿ ಬೇಡವೆಂದು, ಅದಿಲ್ಲದ ಡೆಬಿಯನ್ ರೂಪವಾದ ಡೆವುವನ್ ಹಾಕಿಕೊಂಡವರು ಎಕ್ಸ್‌ಇನೆಟ್‌ಡಿಯನ್ನೇ ಇಟ್ಟುಕೊಳ್ಳಲಿ. ಆದರೆ ಆರ್‌ಸಿಂಕ್ ಕರೆಯುವ ಮುನ್ನ ಮೌಂಟ್ ಪರೀಕ್ಷಿಸುವ ಪುಟ್ಟ ಸ್ಕ್ರಿಪ್ಟೊಂದನ್ನು ಮಧ್ಯೆ ಹಾಕಬೇಕು.