ಬೇಟೆಹಕ್ಕಿಯ ವರ್ಣತಂತು ವಿಶ್ಲೇಷಣೆ: ಪ್ರಯೋಗಾಲಯವೊಂದರ ಸೇವೆ ಹೇಗಿದೆ?

ಪೆರೆಗ್ರಿನ್ ಫಾಲ್ಕನ್ ಹಕ್ಕಿಯ ವರ್ಣತಂತುಗಳ ಅಧ್ಯಯನಕ್ಕಾಗಿ ಖಾಸಗಿ ಪ್ರಯೋಗಾಲಯವೊಂದರ ಸೇವೆಯನ್ನು ಪಡೆದೆವು. ಬೆಳೆಯುತ್ತಿರುವ ಗರಿಯ ಬುಡದ ತಿರುಳಿನಿಂದ ಜೀವಕೋಶಗಳನ್ನು ಬೆಳೆಸಿ, ಕಾಲ್ಚಿಸಿನ್ ಬಳಸಿ ಕೋಶವಿಭಜನೆಯನ್ನು ನಡುವೆಯೇ ತಡೆದು, ಲವಣಾಂಶ ಕಡಿಮೆಯಿರುವ ದ್ರಾವಣದಲ್ಲಿ ಕೋಶಗಳನ್ನು ಉಬ್ಬಿಸಿ, ಗೀಮ್ಸಾ ಬಣ್ಣ ಹಾಕುವವರೆಗಿನ ಕೆಲಸವನ್ನು ಅವರು ಅಚ್ಚುಕಟ್ಟಾಗಿ ಮಾಡಿದ್ದಾರೆ. ಚಿತ್ರಗಳಲ್ಲಿ ವರ್ಣತಂತುಗಳು ಒಂದರ ಮೇಲೊಂದು ಬೀಳದೆ ಬಿಡಿಬಿಡಿಯಾಗಿ ಹರಡಿಕೊಂಡಿರುವುದರಿಂದ, ವರದಿಯಲ್ಲಿರುವ 50 ಎಂಬ ಸಂಖ್ಯೆಯನ್ನು ಓದುಗರೇ ಎಣಿಸಿ ನೋಡಬಹುದು. ಬಹುಪಾಲು ಹಕ್ಕಿಗಳಲ್ಲಿ ಈ ಸಂಖ್ಯೆ 80ರ ಆಸುಪಾಸಿನಲ್ಲಿರುತ್ತದೆ. ಫಾಲ್ಕನ್‌ಗಳಲ್ಲಿ ಅನೇಕ ಸೂಕ್ಷ್ಮ ವರ್ಣತಂತುಗಳು ದೊಡ್ಡವುಗಳೊಂದಿಗೆ ಬೆಸೆದುಕೊಂಡಿರುವುದೇ ಈ ಇಳಿಕೆಗೆ ಕಾರಣವೆಂಬುದನ್ನೂ ವರದಿ ವಿವರಿಸುತ್ತದೆ.

ಲಿಂಗ ವರ್ಣತಂತುಗಳ ಭಾಗ ಮಾತ್ರ ಸಪ್ಪೆ. ಹೆಣ್ಣು ಹಕ್ಕಿಯಲ್ಲಿರುವ ಪುಟ್ಟ ಡಬ್ಲ್ಯು ವರ್ಣತಂತುವನ್ನು ಖಚಿತವಾಗಿ ಗುರುತಿಸಲು ನೆರವಾಗುವ ಸಿ-ಬ್ಯಾಂಡಿಂಗ್ ಎಂಬ ವಿಶೇಷ ಬಣ್ಣಹಾಕುವ ವಿಧಾನಕ್ಕೆ ಪ್ರತ್ಯೇಕ ಶುಲ್ಕವಿದೆ ಎಂಬುದನ್ನು ಅವರು ಮೊದಲೇ ತಿಳಿಸಬೇಕಿತ್ತು. (ಗಂಡೋ ಹೆಣ್ಣೋ ಎಂದಷ್ಟೇ ತಿಳಿಯಬೇಕಾದವರಿಗೆ ಇಷ್ಟೆಲ್ಲ ಬೇಕಿಲ್ಲ, ಡಿಎನ್‌ಎ ಪರೀಕ್ಷೆಯೇ ಸಾಕು.) ಗರಿಯ ಮಾದರಿಯನ್ನು ಹೆಪ್ಪುಗಟ್ಟಿಸಿದರೆ ಕೋಶಗಳು ಸತ್ತು ಬೆಳೆಸಲು ಬಾರದಂತಾಗುತ್ತವೆ, ಆ ಎಚ್ಚರಿಕೆಯನ್ನು ಅವರು ಮಾದರಿ ಪೆಟ್ಟಿಗೆಯ ಮೇಲೆಯೇ ಸ್ಪಷ್ಟವಾಗಿ ಮುದ್ರಿಸಿರುವುದು ಮೆಚ್ಚತಕ್ಕದ್ದು.